ಗಾಳಿಯ ತಕ್ಕಡಿ

ನಮ್ಮ ಭಾಷೆಯಲ್ಲಿ ಗಾಳಿಗೆ ಒಳ್ಳೆಯ ಹೆಸರಿಲ್ಲ. ನಂಬಲಾಗದ ಸುದ್ದಿ ಗಾಳಿಮಾತು. ನಿಲ್ಲಲಾರದ ಆಸೆ ಗಾಳಿಗೋಪುರ. ಫಲವಿಲ್ಲದೆ ದುಡಿದವನು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವನು. ಮಗು ರಾತ್ರಿಯೆಲ್ಲ ಅತ್ತರೆ ಅದಕ್ಕೂ ಗಾಳಿ ಸೋಕಿತೆನ್ನುತ್ತಾರೆ. ಇಷ್ಟು ಅಪಕೀರ್ತಿ ಹೊತ್ತ ಪದಾರ್ಥವನ್ನು ಅಳೆದು, ತೂಗಿ, ಅಂಕಿಗಳಲ್ಲಿ ಬರೆದು, ಆ ಬರೆಹದ ಮೇಲೆಯೇ ಮೂವತ್ತು ವರ್ಷ ಸಂಬಳ ಎಣಿಸಿಕೊಂಡವನು ನಾನು. ಮದುವೆಮನೆಯಲ್ಲಿ ಪಕ್ಕದ ಎಲೆಯವರು, "ತಾವು ಯಾವ ಕೆಲಸದಲ್ಲಿದ್ದದ್ದು?" ಎಂದು ಕೇಳಿದರೆ, "ಗಾಳಿ ಅಳೆಯುತ್ತಿದ್ದೆ" ಎನ್ನುತ್ತೇನೆ. ಕೆಲವರು ನಗುತ್ತಾರೆ. ಇನ್ನು ಕೆಲವರು, "ಹಾಗಾದರೆ ಮಳೆ ಎಂದು ಬಂದೀತು, ಹೇಳಿ" ಎನ್ನುತ್ತಾರೆ. ಅದು ಹವಾಮಾನದವರ ಕೆಲಸ. ಗಾಳಿ ಎತ್ತ ಬೀಸುತ್ತದೆ, ಎಷ್ಟು ವೇಗವಾಗಿ ಬೀಸುತ್ತದೆ ಎಂಬುದು ಅವರ ಚಿಂತೆ. ಅದು ತನ್ನ ಮಡಿಲಲ್ಲಿ ಏನೇನು ಕಟ್ಟಿಕೊಂಡು ಬಂದಿದೆ ಎಂಬುದು ನಮ್ಮದು. ಇಷ್ಟು ಹೇಳುವ ಹೊತ್ತಿಗೆ ಹೋಳಿಗೆ ಬರುತ್ತದೆ. ಮಾತು ಅಲ್ಲಿಗೆ ನಿಲ್ಲುತ್ತದೆ.

ಹೋಳಿಗೆಯವನು ಬಾರದಿದ್ದರೆ ಹೇಳಬೇಕೆಂದಿದ್ದ ಮಾತೊಂದು ಉಂಟು. ಗಾಳಿ ಅಳೆಯುತ್ತಿದ್ದೆ ಎಂಬುದು ಅರ್ಧ ನಿಜ. ಸೇವೆಯಲ್ಲಿದ್ದಷ್ಟು ಕಾಲವೂ ನಾನು ಗಾಳಿಯನ್ನು ಅಳೆದದ್ದಕ್ಕಿಂತ, ಗಾಳಿ ಅಳೆಯುವ ಯಂತ್ರವನ್ನು ಅಳೆದದ್ದೇ ಹೆಚ್ಚು. ಯಂತ್ರ ತನ್ನ ಪಾಡಿಗೆ ತಾನು ಗಾಳಿ ಎಳೆಯುತ್ತದೆ. ಅದು ನಿಜ ಹೇಳುತ್ತಿದೆಯೋ ಇಲ್ಲವೋ ಎಂದು ವಾರವಾರ, ತಿಂಗಳುತಿಂಗಳು ಪಕ್ಕದಲ್ಲಿ ಕುಳಿತು ಕೇಳುವುದು ಮನುಷ್ಯನ ಕೆಲಸ. ಇಂಥ ಕೆಲಸಕ್ಕೆ ಬಿರುದಿಲ್ಲ, ಹಾರವಿಲ್ಲ. ಸರಿಯಾಗಿ ಮಾಡಿದರೆ ಏನೂ ನಡೆಯುವುದಿಲ್ಲ. ಆ 'ಏನೂ ನಡೆಯದಿರುವುದೇ' ಅದರ ಫಲ.

ಅಳೆಯುವ ವಸ್ತು ಎಷ್ಟು ಚಿಕ್ಕದೆಂಬುದು ತಿಳಿದರೆ ಈ ಉಪಚಾರವೆಲ್ಲ ಏಕೆಂದು ಓದುಗರಿಗೆ ಹೊಳೆದೀತು. ನಮ್ಮ ಶ್ವಾಸಕೋಶದ ತಳದವರೆಗೂ ಇಳಿಯುವ ಅತಿಸಣ್ಣ ಧೂಳಿಗೆ ಪಿ.ಎಂ. 2.5 ಎಂದು ಹೆಸರು; ಎರಡೂವರೆ ಮೈಕ್ರಾನು ಅಥವಾ ಅದಕ್ಕೂ ಸಣ್ಣ ಕಣಗಳು. ಅದನ್ನು ಹಿಡಿಯುವ ಯಂತ್ರ ನಿಮಿಷಕ್ಕೆ 16.7 ಲೀಟರಿನಂತೆ ಗಾಳಿ ಎಳೆದು, ಅಂಗೈ ನಡುವೆ ಅಡಗುವಷ್ಟು ದೊಡ್ಡ, 47 ಮಿಲಿಮೀಟರಿನ ದುಂಡು ಹಾಳೆಯ ಮೂಲಕ ಹಾಯಿಸುತ್ತದೆ. ಒಂದು ಹಗಲು ಒಂದು ರಾತ್ರಿಗೆ 24 ಘನಮೀಟರು ಗಾಳಿ ಆ ಹಾಳೆಯನ್ನು ದಾಟುತ್ತದೆ. 2009ರ ನವೆಂಬರಿನಲ್ಲಿ ಪ್ರಕಟವಾದ ನಮ್ಮ ದೇಶದ ಮಾನದಂಡದಂತೆ, ದಿನದ ಸರಾಸರಿ ಘನಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು. ಅಂದರೆ ಗಾಳಿ ಸರಿಯಾಗಿ ಮಿತಿಯ ಗೆರೆಯ ಮೇಲೆ ನಿಂತ ದಿನ, ಹಾಳೆಯ ಮೇಲೆ ಕೂರುವ ಧೂಳು ಒಂದೂವರೆ ಮಿಲಿಗ್ರಾಮಿಗೂ ಕಡಿಮೆ. ಒಂದು ಅಕ್ಕಿಕಾಳಿನ ತೂಕದಲ್ಲಿ ಹತ್ತರ ಒಂದು ಪಾಲೂ ಅದಲ್ಲ. ಆ ಧೂಳಿಗಿಂತ ಹಾಳೆಯೇ ಎಷ್ಟೋ ಪಟ್ಟು ಭಾರ. ನಮ್ಮ ಊರು ಬದುಕಲು ಯೋಗ್ಯವೋ ಅಲ್ಲವೋ ಎಂಬ ತೀರ್ಮಾನ ಈ ಅಕ್ಕಿನುಚ್ಚಿನ ಚೂರಿನ ಮೇಲೆ ನಿಂತಿದೆ!

ಈ ವಿದ್ಯೆಯ ಮೊದಲ ಪಾಠ ನನಗೆ ಆದದ್ದು ಕಾಲೇಜಿನಲ್ಲಲ್ಲ, ಶೆಟ್ಟರ ಅಂಗಡಿಯಲ್ಲಿ. ನಮ್ಮ ಅಜ್ಜಿ ಬೇಳೆ ಬೆಲ್ಲ ಕೊಳ್ಳಲು ಹೋದರೆ ಚೀಲ ಬಿಚ್ಚುವ ಮೊದಲು, "ಶೆಟ್ಟರೆ, ಬರಿ ತಕ್ಕಡಿ ಒಂದು ಸಲ ಎತ್ತಿ" ಎನ್ನುವರು. ಶೆಟ್ಟರು ನಗುತ್ತ ಎತ್ತುವರು. ಎರಡು ತಟ್ಟೆಯೂ ಸಮನಾಗಿ ನಿಂತ ಮೇಲೆಯೇ ವ್ಯಾಪಾರ. ಮನೆಗೆ ಬಂದಮೇಲೆ ಮತ್ತೊಂದು ಪರೀಕ್ಷೆ. ಅಡುಗೆಮನೆಯ ಮೂಲೆಯಲ್ಲಿ ಅವರ ತವರಿನಿಂದ ಬಂದ ಹಿತ್ತಾಳೆಯ ಪಾವು ಇತ್ತು. ತಂದ ಬೇಳೆಯನ್ನು ಅದರಲ್ಲಿ ಅಳೆಯುವರು. ಸೇರು ಪಾವು ಹೋಗಿ ಕಿಲೋ ಬಂದಮೇಲೂ ಅವರ ಪದ್ಧತಿ ಬದಲಾಗಲಿಲ್ಲ. ಶೆಟ್ಟರ ಮೇಲೆ ಅನುಮಾನವೇ ಎಂದು ನಾನೊಮ್ಮೆ ಕೇಳಿದ್ದೆ. "ಅನುಮಾನ ಶೆಟ್ಟರ ಮೇಲಲ್ಲಪ್ಪ, ತಕ್ಕಡಿಯ ಮೇಲೆ. ಅದಕ್ಕೇನು ದೇವರ ಭಯವೇ?" ಎಂದರು.

ಬಹಳ ವರ್ಷಗಳ ಮೇಲೆ ನಮ್ಮ ಪ್ರಯೋಗಶಾಲೆಯಲ್ಲಿ ಗಂಧಕದ ಡೈಆಕ್ಸೈಡು, ಸಾರಜನಕದ ಆಕ್ಸೈಡು ಅಳೆಯುವ ಯಂತ್ರಗಳು ಬಂದಾಗ ಅಜ್ಜಿಯ ನೆನಪಾಯಿತು. ಆ ಯಂತ್ರಗಳಿಗೆ ನಡೆಯುವ ಮುಖ್ಯ ಪರೀಕ್ಷೆ ಎರಡೇ. ಒಂದು, ಎಲ್ಲ ಕೊಳೆಯನ್ನೂ ಸೋಸಿ ತೆಗೆದ ಶುದ್ಧ ಗಾಳಿಯನ್ನು ಅದಕ್ಕೆ ಕುಡಿಸುವುದು. ಅದು ಸೊನ್ನೆ ಎನ್ನಬೇಕು. ಇದಕ್ಕೆ ಜೀರೋ ಎನ್ನುತ್ತಾರೆ. ಅಜ್ಜಿಯ ಬರಿ ತಕ್ಕಡಿ. ಎರಡು, ಇಷ್ಟೇ ಅನಿಲ ಇದೆಯೆಂದು ಮೊದಲೇ ಗೊತ್ತಿರುವ ಗಾಳಿಯನ್ನು ಸಿಲಿಂಡರಿನಿಂದ ಕೊಡುವುದು; ಯಂತ್ರ ಅಷ್ಟನ್ನೇ ಹೇಳಬೇಕು. ಇದು ಸ್ಪ್ಯಾನ್; ಅಜ್ಜಿಯ ತವರಿನ ಪಾವು. ಓಜೋನಿನದು ಮಾತ್ರ ಬೇರೆ ಗುಣ: ಅದು ಸಿಲಿಂಡರಿನಲ್ಲಿ ಕೂಡಿಟ್ಟರೆ ಉಳಿಯುವುದಿಲ್ಲ, ನಿಂತ ನಿಲುವಿನಲ್ಲೇ ತಯಾರಿಸಿ ಕೊಡಬೇಕು, ಕೈಯಲ್ಲಿ ತಟ್ಟಿದ ರೊಟ್ಟಿಯ ಹಾಗೆ. ಸೊನ್ನೆ ಸರಿಯಿದ್ದರೂ ಪಾವು ತಪ್ಪಬಹುದು. ಪಾವು ಸರಿಯಿದ್ದಂತೆ ಕಂಡರೂ ಸೊನ್ನೆ ಜಾರಿರಬಹುದು. ಎರಡನ್ನೂ ನೋಡಬೇಕು, ಎರಡನ್ನೂ ಬರೆಯಬೇಕು.

ಒಮ್ಮೆ ಸರಿಮಾಡಿದ ಯಂತ್ರ ಸರಿಯಾಗಿಯೇ ಇರಬಾರದೇ ಎಂದು ಕೇಳುವವರುಂಟು. ಅವರನ್ನು ನಾನು ಸಂಗೀತ ಕಚೇರಿಗೆ ಕರೆಯುತ್ತೇನೆ. ವಿದ್ವಾಂಸರು ಅರ್ಧ ಗಂಟೆ ಶ್ರುತಿ ಸೇರಿಸಿಯೇ ಹಾಡಲು ಕೂತಿರುತ್ತಾರೆ. ಆದರೂ ಎರಡು ಕೃತಿಯಾದ ಮೇಲೆ ತಂಬೂರಿಯ ಕಿವಿ ಮತ್ತೆ ತಿರುಗುತ್ತದೆ, ಮೃದಂಗದವರು ಮತ್ತೆ ಗಟ್ಟದ ಮೇಲೆ ಕುಟ್ಟುತ್ತಾರೆ. ತಂತಿ ಯಾರ ಮೇಲಿನ ಕೋಪಕ್ಕೂ ಇಳಿಯುವುದಿಲ್ಲ. ಬಿಸಿಗೆ, ತಂಪಿಗೆ, ಕಾಲಕ್ಕೆ ಇಳಿಯುತ್ತದೆ. ನಮ್ಮ ಯಂತ್ರಗಳೂ ಹಾಗೆಯೆ. ದೀಪ ಮಂಕಾಗುತ್ತದೆ, ರಬ್ಬರು ಒಣಗುತ್ತದೆ, ಕೊಳವೆಯೊಳಗೆ ಜೇಡ ಮನೆ ಕಟ್ಟುತ್ತದೆ. ಅಪಶ್ರುತಿಯಾದರೆ ಸಭೆಯಲ್ಲಿ ಯಾರಾದರೂ ಮುಖ ಸಿಂಡರಿಸಿಯಾರು. ಯಂತ್ರ ಅಪಶ್ರುತಿ ನುಡಿದರೆ ಮುಖ ಸಿಂಡರಿಸುವವರು ಯಾರು? ಅಂಕಿ ನೋಡಲು ಎಲ್ಲ ಅಂಕಿಗಳ ಹಾಗೆಯೇ ಇರುತ್ತದೆ.

ಹಾಳೆ ತೂಗುವ ಕೋಣೆಯ ಮಡಿಯೇ ಬೇರೆ. ಹಾಳೆಯನ್ನು ಕೈಯಲ್ಲಿ ಮುಟ್ಟುವಂತಿಲ್ಲ, ಚಿಮಟದಲ್ಲಿ ಹಿಡಿಯಬೇಕು. ಗಾಳಿಯ ತೇವ ಏರಿದರೆ ಹಾಳೆ ನೀರು ಕುಡಿದು ಭಾರವಾಗುತ್ತದೆ. ಆದ್ದರಿಂದ ತೂಗುವ ಮೊದಲು ಒಂದು ದಿನ ಹದವಾದ ಕೋಣೆಯಲ್ಲಿ ಮಲಗಿಸಬೇಕು. ಧೂಳು ಹಿಡಿಯುವ ಮೊದಲೊಮ್ಮೆ, ಹಿಡಿದ ಮೇಲೊಮ್ಮೆ, ಅದೇ ಕೋಣೆ, ಅದೇ ಹದ, ಅದೇ ತಕ್ಕಡಿ. ಎರಡು ತೂಕದ ಅಂತರವೇ ನಮ್ಮ ಪದಾರ್ಥ. ಮೊದಮೊದಲು ಬಂದ ಹುಡುಗರು ಆ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಡಬೇಕಾದಾಗ, "ದೇವಸ್ಥಾನವೇ ಸಾರ್?" ಎಂದು ನಗುತ್ತಿದ್ದರು. ಒಂದು ವಾರವಾದ ಮೇಲೆ ಅವರೇ ಬೇರೆಯವರನ್ನು ಗದರುತ್ತಿದ್ದರು.

ಈ ವ್ಯವಹಾರದಲ್ಲೆಲ್ಲ ನನಗೆ ಬಹಳ ಪ್ರಿಯವಾದದ್ದು ಬ್ಲಾಂಕ್ ಎಂಬ ಖಾಲಿ ಹಾಳೆ. ಅದು ಬೇರೆ ಹಾಳೆಗಳಂತೆಯೇ ತೂಗಿಸಿಕೊಂಡು, ಡಬ್ಬಿಯಲ್ಲಿ ಕುಳಿತು, ಜೀಪಿನಲ್ಲಿ ಕುಲುಕಾಡಿ, ಮಾಳಿಗೆ ಹತ್ತುತ್ತದೆ. ಯಂತ್ರದೊಳಗೂ ಹೋಗುತ್ತದೆ, ಆದರೆ ಅದರ ಮೂಲಕ ಗಾಳಿ ಎಳೆಯುವುದಿಲ್ಲ. ಏನೂ ಮಾಡದೆ ಹಾಗೆಯೇ ಹಿಂದಿರುಗಿ ಮತ್ತೆ ತಕ್ಕಡಿಗೆ ಏರುತ್ತದೆ. ಅದರ ತೂಕ ಬದಲಾಗಿರಬಾರದು. ಬದಲಾಗಿದ್ದರೆ ದಾರಿಯಲ್ಲೋ ಡಬ್ಬಿಯಲ್ಲೋ ನಮ್ಮ ಬೆರಳಲ್ಲೋ ಧೂಳು ಸೇರಿದೆ ಎಂದು ಅರ್ಥ. ಆಗ ದುಡಿದ ಹಾಳೆಗಳ ಮಾತನ್ನೂ ನಂಬುವಂತಿಲ್ಲ. ಏನೂ ಕೆಲಸ ಮಾಡದೆ ಕಚೇರಿಗೆ ಬಂದು ಹೋಗುವವರನ್ನು ನಾನು ಬಹಳ ಜನ ಕಂಡಿದ್ದೇನೆ. ಏನೂ ಮಾಡದಿರುವುದರಿಂದಲೇ ಉಪಕಾರ ಮಾಡಿದ್ದು ಈ ಹಾಳೆಯೊಂದೇ.

ಇನ್ನು ಪ್ರವರದ ಮಾತು. ನಮ್ಮ ಯಂತ್ರ ಎಷ್ಟು ಗಾಳಿ ಎಳೆಯುತ್ತದೆಂದು ನೋಡಲು ಬೇರೊಂದು ಅಳತೆಯ ಸಾಧನ ಇರುತ್ತದೆ. ಅದು ಸರಿಯೆಂದು ಹೇಳುವವರು ಯಾರು? ಅದಕ್ಕೊಂದು ಪ್ರಮಾಣಪತ್ರ, ಆ ಪತ್ರ ಕೊಟ್ಟ ಶಾಲೆಯ ಸಾಧನಕ್ಕೆ ಇನ್ನೊಂದು ಪತ್ರ, ಹೀಗೆ ಅಪ್ಪ, ಅಜ್ಜ, ಮುತ್ತಜ್ಜ ಎಂದು ಏರಿ ಹೋದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಸಿಗುತ್ತದೆ. ಅಲ್ಲಿ ಪ್ಲಾಟಿನಂ-ಇರಿಡಿಯಂ ಲೋಹದ ಒಂದು ಕಿಲೋ ಬೊಟ್ಟಿದೆ, 57ನೆಯ ಪ್ರತಿ. ಅದರ ಮೂಲಪುರುಷ ಪ್ಯಾರಿಸಿನ ಹತ್ತಿರದ ಸೆವ್ರ್ ಎಂಬಲ್ಲಿ ಗಾಜಿನ ಗೂಡಿನೊಳಗೆ ಕುಳಿತು, 1889ರಿಂದ ಜಗತ್ತಿನ ತೂಕಕ್ಕೆಲ್ಲ ದೊರೆಯಾಗಿತ್ತು. ಆ ದೊರೆಯನ್ನೂ ಪರೀಕ್ಷಿಸಿದರು. ನೂರು ವರ್ಷಗಳಲ್ಲಿ ಅದಕ್ಕೂ ಅದರ ಪ್ರತಿಗಳಿಗೂ ಸುಮಾರು 50 ಮೈಕ್ರೋಗ್ರಾಂ ಅಂತರ ಬಿದ್ದಿತ್ತು! ಕಡೆಗೆ 2019ರ ಮೇ 20ರಂದು ಅದನ್ನು ಪಟ್ಟದಿಂದ ಇಳಿಸಿ, ಪ್ರಕೃತಿಯ ಒಂದು ಬದಲಾಗದ ಸಂಖ್ಯೆಯ ಮೇಲೆ ಕಿಲೋವನ್ನು ನಿಲ್ಲಿಸಿದರು. ಸೆವ್ರಿನ ಗಾಜಿನ ಗೂಡಿನೊಳಗೇ ತೂಕ ಜಾರುವುದಾದರೆ, ನಮ್ಮ ಊರಿನ ಬಸ್ ನಿಲ್ದಾಣದ ಮಾಳಿಗೆಯ ಮೇಲೆ ಬಿಸಿಲು ಮಳೆಯಲ್ಲಿ ನಿಂತ ಪೆಟ್ಟಿಗೆ ಜಾರಿದರೆ ಆಶ್ಚರ್ಯವೇನು?

ಹೀಗೆ ಬರೆಯುವಾಗ ಸೊಗಸಾಗಿ ಕಾಣುತ್ತದೆ. ಮಾಡುವಾಗ ಅದು ಬೇಸರದ ಕೆಲಸ. ಒಂದೇ ಮೆಟ್ಟಿಲು, ಒಂದೇ ಪೆಟ್ಟಿಗೆ, ಒಂದೇ ಪಟ್ಟಿ: ಸೋರಿಕೆ ಉಂಟೆ, ಗಾಳಿಯ ಓಟ ಎಷ್ಟು, ಗಡಿಯಾರ ಸರಿಯೆ, ಉಷ್ಣಮಾಪಕ ಸರಿಯೆ. ದೇಶದ ಕ್ರಮದಂತೆ ಒಂದು ತಾಣದಲ್ಲಿ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಅಳೆಯಬೇಕು. ನೂರು ದಿನ ಸರಿಯಿದ್ದದ್ದು ನೂರೊಂದನೆಯ ದಿನ ತಪ್ಪೀತೆ ಎಂದು ಮನಸ್ಸು ಪಿಸುಗುಟ್ಟುತ್ತದೆ. ಪರೀಕ್ಷೆಯ ಪಟ್ಟಿಯನ್ನು ಮಾಳಿಗೆಯ ಮೇಲಲ್ಲ, ಕೆಳಗಿನ ಕಾಫಿ ಹೋಟೆಲಿನಲ್ಲಿಯೂ ತುಂಬಬಹುದು. ದೋಸೆ ಬರುವುದರೊಳಗೆ ಒಂದು ತಿಂಗಳ ಪರೀಕ್ಷೆ ಮುಗಿದಿರುತ್ತದೆ. ಇಂಥ ಪಟ್ಟಿಗಳನ್ನು ನಾನು ಕಂಡಿದ್ದೇನೆ. ಅವನ್ನು ಹಿಡಿಯುವುದು ಕಷ್ಟವಲ್ಲ. ಬರೆದ ಅಂಕಿಗಳೆಲ್ಲ ಒಂದೇ ಮನೆಯ ಮಕ್ಕಳಂತೆ ಒಂದೇ ಮುಖದವು. ಒಂದೂ ತಪ್ಪಿಲ್ಲ, ಒಂದೂ ಅಂತರವಿಲ್ಲ. ನಿಜವಾದ ಅಂಕಿಗಳಿಗೆ ಅಷ್ಟು ವಿಧೇಯತೆ ಇರುವುದಿಲ್ಲ.

ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಶಾನುಭೋಗರ ಮನೆತನದವರು. ಖಿರ್ದಿ, ಖಾತೆ, ಪಹಣಿ ಅವರ ರಕ್ತದಲ್ಲಿತ್ತು. ಅವರು ನಮಗೆ ಹಾಕಿಕೊಟ್ಟ ನಿಯಮಗಳು ಮೂರು. ನೋಡಿದ್ದನ್ನು ನೋಡಿದ ಜಾಗದಲ್ಲಿಯೇ ಬರೆಯಬೇಕು. ತಪ್ಪಿ ಬರೆದರೆ ಅಳಿಸಬಾರದು. ಒಂದೇ ಗೆರೆ ಎಳೆದು, ಕೆಳಗಿನ ಅಂಕಿ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ರುಜು ಹಾಕಬೇಕು. ಮೂರನೆಯದು, ಪರೀಕ್ಷೆ ಮುಗಿಯುವವರೆಗೆ ಆ ದಿನದ ಧೂಳಿನ ಅಂಕಿ ಎಷ್ಟೆಂದು ಲೆಕ್ಕ ಹಾಕಬಾರದು. ಈ ಮೂರನೆಯದರ ಅರ್ಥ ನನಗೆ ಮೊದಲು ಆಗಲಿಲ್ಲ. "ಅಂಕಿ ಗೊತ್ತಾದರೆ ಅದರ ಮೇಲೆ ಆಸೆ ಹುಟ್ಟುತ್ತದಯ್ಯ. ಆಸೆ ಹುಟ್ಟಿದ ಮೇಲೆ ಪರೀಕ್ಷೆ ನಡೆಯುವುದಿಲ್ಲ, ಪಂಚಾಯಿತಿ ನಡೆಯುತ್ತದೆ" ಎಂದರು. ಆ ಮಾತಿನ ಭಾರ ತಿಳಿದದ್ದು ಒಂದು ಹಳ್ಳಿಯಲ್ಲಿ.

ಹಳ್ಳಿಯ ಹೆಸರು ಬೇಡ. ಬಯಲುಸೀಮೆಯ ಕಡೆಯದು, ಊರ ಹಿಂದೆ ಕಲ್ಲುಗುಡ್ಡ, ಗುಡ್ಡದ ಬುಡದಲ್ಲಿ ಜಲ್ಲಿ ಒಡೆಯುವ ಕ್ರಷರು. ಊರಿನವರ ಜೀವನ ರೇಷ್ಮೆಯ ಮೇಲೆ. ಕ್ರಷರಿನ ಧೂಳು ಹಿಪ್ಪುನೇರಳೆ ಸೊಪ್ಪಿನ ಮೇಲೆ ಹಿಟ್ಟು ಚೆಲ್ಲಿದಂತೆ ಕೂರುತ್ತಿತ್ತು. ಹುಳು ಆ ಸೊಪ್ಪನ್ನು ತಿನ್ನಲೊಲ್ಲದು, ತಿಂದರೆ ಬದುಕದು. ಮನೆಮನೆಯಲ್ಲಿ ಕೆಮ್ಮು ಬೇರೆ. ಅರ್ಜಿಯ ಮೇಲೆ ಅರ್ಜಿ ಬಂದು, ಅಳೆದು ವರದಿ ಕೊಡಬೇಕೆಂದು ನಮಗೆ ಅಪ್ಪಣೆಯಾಯಿತು. ಶಾಲೆಯ ಮಾಳಿಗೆಯ ಮೇಲೆ ಯಂತ್ರ ಇಟ್ಟೆವು. ಇದು ಸ್ವಲ್ಪ ದಪ್ಪ ಧೂಳನ್ನು, ಎಂದರೆ ಪಿ.ಎಂ. 10 ಎಂಬುದನ್ನು, ಹಿಡಿಯುವ ದೊಡ್ಡ ಯಂತ್ರ. ನಿಮಿಷಕ್ಕೆ ಒಂದು ಘನಮೀಟರಿಗೂ ಮೇಲ್ಪಟ್ಟು ಗಾಳಿಯನ್ನು ಭೋರೆಂದು ಎಳೆಯುತ್ತದೆ. ಎಂಟೆಂಟು ಗಂಟೆಗೆ ಹಾಳೆ ಬದಲಾಯಿಸುತ್ತ ಮೂರು ಹಗಲು ಮೂರು ರಾತ್ರಿ ಕಾದೆವು. ಒಬ್ಬ ಮುದುಕಿ ದಿನವೂ ಬಂದು ಮೆಟ್ಟಿಲ ಬಳಿ ಕೂರುತ್ತಿದ್ದಳು. ಮೊಮ್ಮಗ ಅದೇ ಶಾಲೆಯಲ್ಲಿ ಓದುತ್ತಿದ್ದ, ಅವನಿಗೆ ಉಬ್ಬಸ. ಹಾಳೆ ತೆಗೆದಾಗಲೆಲ್ಲ ಕತ್ತೆತ್ತಿ, "ಏಟೈತೆ ಸಾಮಿ?" ಎನ್ನುವಳು. ಬಿಳಿಯ ಹಾಳೆ ಬೂದಿಯ ಬಣ್ಣಕ್ಕೆ ತಿರುಗಿದ್ದು ಅವಳಿಗೂ ಕಾಣುತ್ತಿತ್ತು.

ಮೂರನೆಯ ದಿನ ಎಲ್ಲ ಮುಗಿದ ಮೇಲೆ, ಕ್ರಮದಂತೆ, ಗಾಳಿಯ ಓಟವನ್ನು ಮತ್ತೆ ಪರೀಕ್ಷಿಸಿದೆ. ಮೊದಲ ದಿನ ನೋಡಿದಾಗ ಎಲ್ಲ ಸರಿಯಾಗಿತ್ತು. ಈಗ ಯಂತ್ರದ ಮಾತಿಗೂ ನಮ್ಮ ಅಳತೆಯ ಸಾಧನದ ಮಾತಿಗೂ ಹೊಂದಿಕೆಯಿಲ್ಲ. ನೂರಕ್ಕೆ ನಾಲ್ಕೈದು ಪಾಲಿನ ಅಂತರವಾದರೆ ಸಹಿಸಬಹುದು. ಇಲ್ಲಿ ಅದರ ಮೂರು ನಾಲ್ಕರಷ್ಟು. ಹುಡುಕಿದಾಗ ಸಿಕ್ಕಿತು: ಗಾಳಿಯ ಓಟ ತೋರಿಸುವ ಮ್ಯಾನೋಮೀಟರಿಗೆ ಹೋಗುವ ರಬ್ಬರು ಕೊಳವೆ ಬಿಸಿಲಿಗೆ ಕೂದಲೆಳೆಯಷ್ಟು ಬಿರಿದಿತ್ತು. ಯಂತ್ರ ಎಳೆದ ಗಾಳಿ ಹೆಚ್ಚು, ತೋರಿಸಿದ್ದು ಕಡಿಮೆ. ಧೂಳಿನ ತೂಕವನ್ನು ಗಾಳಿಯ ಪ್ರಮಾಣದಿಂದ ಭಾಗಿಸಬೇಕಷ್ಟೆ. ಭಾಜಕ ಕಡಿಮೆಯಾದರೆ ಭಾಗಲಬ್ಧ ಹೆಚ್ಚುತ್ತದೆ. ಇದು ಮೂರನೆಯ ಇಯತ್ತೆಯ ಹುಡುಗನಿಗೂ ಗೊತ್ತು. ಹಳ್ಳಿಯ ಧೂಳು ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣಲಿತ್ತು.

ಜೊತೆಗಿದ್ದ ಹುಡುಗ, "ಅಂತರ ಎಷ್ಟೆಂದು ಗೊತ್ತಿದೆಯಲ್ಲ ಸಾರ್, ಅಷ್ಟನ್ನು ಕಳೆದರಾಯಿತು" ಎಂದ. ಒಳ್ಳೆಯ ಮಾತೇ. ಆದರೆ ಎಷ್ಟು ತಪ್ಪಿದೆ ಎಂಬುದು ಗೊತ್ತಾದರೂ ಎಂದಿನಿಂದ ತಪ್ಪಿದೆ ಎಂಬುದು ಗೊತ್ತಿಲ್ಲ. ಕೊಳವೆ ಬಿರಿದದ್ದು ಅಂದು ಮಧ್ಯಾಹ್ನವೋ, ಮೊದಲ ದಿನದ ಬಿಸಿಲಿಗೋ? ಒಂದು ಸರಿಯಾದ ಪರೀಕ್ಷೆಯಿಂದ ಮುಂದಿನ ತಪ್ಪಿದ ಪರೀಕ್ಷೆಯವರೆಗೆ ನಡುವೆ ಬಿದ್ದ ದಿನಗಳೆಲ್ಲ ಅನುಮಾನಕ್ಕೆ ಒಳಗಾಗುತ್ತವೆ. ನಮ್ಮ ವಿದ್ಯೆಯ ಮುಖ್ಯ ಸೂತ್ರವೇ ಅದು. ತಿಂಗಳಿಗೊಮ್ಮೆ ಪರೀಕ್ಷಿಸುವವನು ತಿಂಗಳನ್ನು ಕಳೆದುಕೊಳ್ಳುತ್ತಾನೆ, ವಾರಕ್ಕೊಮ್ಮೆ ಪರೀಕ್ಷಿಸುವವನು ವಾರವನ್ನು. ನಾವು ಮೂರು ದಿನವನ್ನು ಕಳೆದುಕೊಂಡೆವು. ಹಾಳೆಗಳ ಮೇಲೆ ಒಂದೊಂದು ಗೆರೆ ಬಿತ್ತು.

ಮುದುಕಿಗೆ ಇದನ್ನು ಹೇಗೆ ಹೇಳುವುದು? ಹೇಳಿದೆ. ಅವಳು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗನ್ನು ನನ್ನ ಮುಂದೆ ಕೊಡವಿದಳು. ಬೂದಿಯಂಥ ಧೂಳು ಬಿಸಿಲಲ್ಲಿ ಎದ್ದಿತು. "ಅಲ್ಲ ಸಾಮಿ, ನಮ್ ಕಣ್ಣಿಗೆ ಕಾಣೋ ದೂಳ್ಗೆ ನಿಮ್ ಮಿಸನ್ನು ಸಾಕ್ಸಿ ಹೇಳ್ಬೇಕಾ?" ಎಂದಳು. ಹಿಂದೆ ನಿಂತಿದ್ದ ಗಂಡಸರು ಇಷ್ಟು ಮೃದುವಾಗಿ ಮಾತನಾಡಲಿಲ್ಲ. ಕ್ರಷರಿನವರಿಂದ ನಮಗೆ ಏನೋ ಸಂದಿರಬೇಕು ಎಂಬ ಅರ್ಥದ ಮಾತೂ ಬಂದಿತು. ಅವರನ್ನು ತಪ್ಪೆನ್ನುವುದು ಹೇಗೆ? ನ್ಯಾಯ ಅವರ ಕಡೆಗಿತ್ತು. ಅಂಕಿಯೂ ಅವರ ಕಡೆಗೇ ವಾಲಿತ್ತು. ಅದನ್ನು ವರದಿಯಲ್ಲಿ ಬರೆದು ಕಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೊಳವೆ ನೋಡಿದವರು ನಾವಿಬ್ಬರೇ. ಆ ಸಂಜೆ ಜೀಪಿನಲ್ಲಿ ಹಿಂದಿರುಗುವಾಗ ಶಾನುಭೋಗರ ಮೂರನೆಯ ನಿಯಮದ ಅರ್ಥ ನನಗೆ ಪೂರ್ತಿ ಆಯಿತು. ಕೆಟ್ಟ ಅಂಕಿಯನ್ನು ಎಸೆಯುವುದು ಸುಲಭ; ಒಳ್ಳೆಯವರಿಗೆ ಉಪಕಾರ ಮಾಡಬಹುದಾಗಿದ್ದ ಅಂಕಿಯನ್ನು ಎಸೆಯುವುದು ಕಷ್ಟ.

ಮತ್ತೆ ಅಪ್ಪಣೆ ಪಡೆದು ಹೋಗುವ ಹೊತ್ತಿಗೆ ಒಂದೂವರೆ ತಿಂಗಳಾಯಿತು. ಹುಳು ಸಾಕಣೆಯ ಒಂದು ಬೆಳೆಗೆ ಬೇಕಾದ್ದು ಒಂದು ತಿಂಗಳಿಗೂ ಕಡಿಮೆ. ಆ ನಡುವೆ ಊರಿನ ಒಂದು ಬೆಳೆ ಹಾಳಾಗಿತ್ತು. ಚಂದ್ರಿಕೆಗಳು ಬರಿದಾಗಿ ಗೋಡೆಗೆ ಒರಗಿದ್ದವು. ನಮ್ಮ ನಿಯಮದ ಬೆಲೆಯನ್ನು ತೆತ್ತವರು ನಾವಲ್ಲ, ಅವರು. ಇದನ್ನು ನಾನು ಮರೆಯಲಾರೆ. ನಿಯಮ ಸರಿಯೆಂದು ವಾದಿಸುವವರು ಯಾರೂ ಮರೆಯಬಾರದು. ಈ ಸಲ ಹೊಸ ಕೊಳವೆ ಹಾಕಿ, ಒಂದರ ಪಕ್ಕದಲ್ಲಿ ಒಂದರಂತೆ ಎರಡು ಯಂತ್ರ ಇಟ್ಟೆವು. ಕ್ರಷರಿನ ಧೂಳು ತಲುಪದ, ಗಾಳಿ ಬರುವ ಕಡೆಯ ಹೊಲದಲ್ಲಿ ಮೂರನೆಯದು. ಖಾಲಿ ಹಾಳೆಗಳೂ ಜೊತೆಗಿದ್ದವು. ಪ್ರತಿ ಎಂಟು ಗಂಟೆಗೂ ಓಟದ ಪರೀಕ್ಷೆ. ಬಂದ ಅಂಕಿ ಮೊದಲಿನದಕ್ಕಿಂತ ಕಡಿಮೆಯೇ. ಆದರೂ ದಿನಕ್ಕೆ 100 ಮೈಕ್ರೋಗ್ರಾಮಿನ ಮಿತಿಯನ್ನು ಮೂರು ದಿನವೂ ದಾಟಿತ್ತು. ಪಕ್ಕಪಕ್ಕದ ಯಂತ್ರಗಳೆರಡೂ ಒಂದೇ ಮಾತು ಹೇಳಿದವು. ಹೊಲದ ಯಂತ್ರ ಶುದ್ಧವಾಗಿತ್ತು.

ವಿಚಾರಣೆಯ ದಿನ ಕ್ರಷರಿನ ಕಡೆಯಿಂದ ತಿಳಿದವರೊಬ್ಬರು ಬಂದಿದ್ದರು. ಧೂಳು ಇಲ್ಲವೆಂದು ಅವರು ವಾದಿಸಲಿಲ್ಲ. ನಮ್ಮ ಪುಸ್ತಕ ಕೇಳಿದರು. ಧೂಳಿನ ಅಂಕಿಯ ಪುಟವನ್ನು ಹಾಗೆಯೇ ದಾಟಿ ಪರೀಕ್ಷೆಯ ಪುಟಗಳಿಗೆ ಹೋದರು. ಸೋರಿಕೆ, ಓಟ, ಗಡಿಯಾರ, ಖಾಲಿ ಹಾಳೆಯ ತೂಕ, ಅಳತೆಯ ಸಾಧನದ ಪತ್ರ, ಪತ್ರದ ತಾರೀಖು, ಎಲ್ಲವನ್ನೂ ಬೆರಳಿಟ್ಟು ಓದಿದರು. ಮೊದಲ ಸಲದ ಮೂರು ದಿನದ ಮೇಲೆ ಎಳೆದ ಗೆರೆಯನ್ನೂ, ಗೆರೆಯ ಕೆಳಗೆ ಕಾಣುತ್ತಿದ್ದ ಹೆಚ್ಚಿನ ಅಂಕಿಯನ್ನೂ ನೋಡಿದರು. ಅಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಪುಸ್ತಕ ಮುಚ್ಚಿ, "ಇದರ ಮೇಲೆ ನಾನು ಹೇಳುವುದೇನೂ ಇಲ್ಲ" ಎಂದರು. ಆ ಗೆರೆ ಇಲ್ಲದಿದ್ದರೆ ಅವರು ಬಹಳ ಹೇಳುತ್ತಿದ್ದರು. ಆ ಬಿರುಕು ಕೊಳವೆ ಅವರ ಕಣ್ಣಿಗೆ ಬಿದ್ದಿದ್ದರೆ, ಹಳ್ಳಿಯ ಧೂಳೆಲ್ಲ ಗಾಳಿಮಾತಾಗಿ ಹಾರಿ ಹೋಗುತ್ತಿತ್ತು.

ಕ್ರಷರಿಗೆ ತಗಡಿನ ಮುಚ್ಚಿಗೆ ಬಂತು, ನೀರು ಚಿಮುಕಿಸುವ ಕೊಳವೆ ಬಂತು. ಧೂಳು ನಿಲ್ಲಲಿಲ್ಲ, ತಗ್ಗಿತು. ಮುಂದೊಮ್ಮೆ ಆ ಕಡೆ ಹೋಗಿದ್ದಾಗ ಮುದುಕಿ ಕಂಡಳು. "ನಾನು ಸೆರಗು ಕೊಡವಿ ಯೋಳಿದ್ದ್ನೇ ನಿಮ್ ಮಿಸನ್ನೂ ಯೋಳ್ತು. ಒಸಿ ತಡವಾಗಿ ಯೋಳ್ತು, ಅಷ್ಟೇಯ" ಎಂದಳು. ಇದಕ್ಕಿಂತ ನಿಷ್ಪಕ್ಷಪಾತವಾದ ವಿಮರ್ಶೆಯನ್ನು ನಮ್ಮ ಇಲಾಖೆಯ ಮೇಲೆ ನಾನು ಓದಿಲ್ಲ.

ನಮ್ಮ ಹಳ್ಳಿಯ ಈ ಸಂಗತಿಯೇ ದೊಡ್ಡ ರಂಗದ ಮೇಲೂ ನಡೆದಿದೆ. ಅಂಟಾರ್ಕ್ಟಿಕದ ಹ್ಯಾಲಿ ಎಂಬ ನೆಲೆಯಲ್ಲಿ ಬ್ರಿಟಿಷರು 1956ರಿಂದ ಡಾಬ್ಸನ್ ಎಂಬವರ ಹಳೆಯ ಮಾದರಿಯ ಯಂತ್ರದಿಂದ ಓಜೋನನ್ನು ಅಳೆಯುತ್ತಿದ್ದರು. 1980ರ ಸುಮಾರಿಗೆ ವಸಂತದಲ್ಲಿ ಅಂಕಿ ಇಳಿಯತೊಡಗಿತು. ಜೋ ಫಾರ್ಮನ್ ಮತ್ತು ಅವರ ಜೊತೆಗಾರರು ಕೂಡಲೇ ಡಂಗುರ ಹೊಡೆಯಲಿಲ್ಲ. ಮೊದಲು ಅನುಮಾನಿಸಿದ್ದು ಯಂತ್ರವನ್ನೇ. ಬೇರೊಂದು ಯಂತ್ರ ಕಳಿಸಿ ನೋಡಿದರು. ಅದೂ ಅದನ್ನೇ ಹೇಳಿತು. 1985ರಲ್ಲಿ ಪ್ರಕಟಿಸಿದರು, ಎರಡು ವರ್ಷದಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಮೇಲೆ ಹಾರುತ್ತಿದ್ದ ಉಪಗ್ರಹವೂ ಅದನ್ನು ಕಂಡಿತ್ತು. ಆದರೆ ಅಷ್ಟು ಕಡಿಮೆ ಅಂಕಿ ಇರಲಾರದೆಂದು ಗಣಕಯಂತ್ರ ಅದಕ್ಕೆ ಅನುಮಾನದ ಗುರುತು ಹಾಕಿ ಬದಿಗಿಟ್ಟಿತ್ತು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರ ಮಾರ್ಚಿನಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯಲು ತೊಡಗಿದ ಚಾರ್ಲ್ಸ್ ಕೀಲಿಂಗರ ಕತೆಯೂ ಇಂಥದೇ. ಅಂದು ಹತ್ತು ಲಕ್ಷಕ್ಕೆ ಸುಮಾರು 313 ಪಾಲು ಇದ್ದದ್ದು ಇಂದು 420 ದಾಟಿದೆ ಎಂದು ನಾವು ಧೈರ್ಯವಾಗಿ ಹೇಳುವುದು, ಅಳತೆ ಗೊತ್ತಿರುವ ಅನಿಲವನ್ನು ಆ ಯಂತ್ರಕ್ಕೆ ಮತ್ತೆ ಮತ್ತೆ ಉಣಿಸಿ ನೋಡಿದ ಅವರ ಹಟದಿಂದ.

ನಮ್ಮವರಲ್ಲೂ ಇಂಥ ಹಟದವರೊಬ್ಬರಿದ್ದರು: ಅಣ್ಣಾ ಮಣಿ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ರಾಮನ್ನರ ಪ್ರಯೋಗಶಾಲೆಯಲ್ಲಿ ಪಳಗಿ, ಪುಣೆಯ ಹವಾಮಾನ ಇಲಾಖೆಯಲ್ಲಿ ದೇಶಕ್ಕೆ ಬೇಕಾದ ಮಾಪಕಗಳನ್ನು ದೇಶದಲ್ಲೇ ಮಾಡಿಸಿದವರು. ಓಜೋನು ಅಳೆಯುವ ಭಾರತೀಯ ಸಾಧನವೂ ಅವರ ಮುಂದಾಳುತನದಲ್ಲಿಯೇ ಆದದ್ದು. ನಿವೃತ್ತರಾದ ಮೇಲೆ ಬೆಂಗಳೂರಿಗೇ ಬಂದು, ಗಾಳಿ ಬಿಸಿಲು ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆ ನಡೆಸಿದರು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು. 2001ರಲ್ಲಿ ತೀರಿಕೊಂಡರು. ಅವರ ಹೆಸರನ್ನು ನಮ್ಮ ಮಕ್ಕಳಿಗೆ ಹೇಳಿಕೊಡುವವರು ಕಡಿಮೆ.

ಈಗ ಕಾಲ ಬದಲಾಗಿದೆ. ಪೀಣ್ಯ, ಹೆಬ್ಬಾಳ, ಜಯನಗರ, ಸಿಲ್ಕ್ ಬೋರ್ಡು ಎಂದು ಬೆಂಗಳೂರಿನ ಹಲವು ಕಡೆ ತಮ್ಮಷ್ಟಕ್ಕೆ ತಾವೇ ಹಗಲೂ ರಾತ್ರಿ ಅಳೆಯುವ ಕೇಂದ್ರಗಳಿವೆ. 2015ರಿಂದ ಗಾಳಿಯ ಗುಣಕ್ಕೊಂದು ಸೂಚ್ಯಂಕ ಬಂದು, ಹಸಿರು, ಹಳದಿ, ಕೆಂಪು ಎಂದು ಬಣ್ಣದಲ್ಲಿ ಮೊಬೈಲಿನ ಮೇಲೆ ಕಾಣುತ್ತದೆ. ಅಂಗೈ ಅಗಲದ ಅಗ್ಗದ ಮಾಪಕಗಳನ್ನು ಜನ ಬಾಲ್ಕನಿಗೆ ತೂಗುಹಾಕುತ್ತಾರೆ. ಸಂತೋಷವೇ. ಆದರೆ ಬೆಳಕು ಚದುರುವುದನ್ನು ನೋಡಿ ಧೂಳು ಎಣಿಸುವ ಈ ಪುಟ್ಟ ಯಂತ್ರಗಳು, ತೇವ ಕುಡಿದು ಉಬ್ಬಿದ ಕಣವನ್ನೂ ಮಂಜಿನ ಹನಿಯನ್ನೂ ಧೂಳೆಂದೇ ಲೆಕ್ಕ ಹಾಕಬಲ್ಲವು. ದೊಡ್ಡ ಯಂತ್ರದ ಪಕ್ಕದಲ್ಲಿ ಕೆಲವು ದಿನ ಕೂರಿಸಿ ಅವಕ್ಕೆ ಬುದ್ಧಿ ಕಲಿಸಬೇಕು. ಕಲಿತದ್ದನ್ನು ಮರೆತಾವೆಂದು ಆಗಾಗ ಮತ್ತೆ ಕೂರಿಸಬೇಕು. ಯಂತ್ರ ಎಷ್ಟು ಜಾಣವಾದರೂ ತನ್ನ ಸೊನ್ನೆ ಜಾರಿದ್ದು ಅದಕ್ಕೇ ಗೊತ್ತಾಗುವುದಿಲ್ಲ. ಮನುಷ್ಯರಿಗೂ ಗೊತ್ತಾಗುವುದಿಲ್ಲವೆನ್ನಿ, ಆದರೆ ನಮಗೆ ಹೇಳಲು ಮನೆಯವರಿರುತ್ತಾರೆ.

ಕನ್ನಡದಲ್ಲಿ ಪ್ರಮಾಣ ಎಂಬ ಮಾತಿಗೆ ಮೂರು ಅರ್ಥ: ಅಳತೆ, ಸಾಕ್ಷ್ಯ, ಆಣೆ. ಮೂರನ್ನೂ ಒಂದೇ ಶಬ್ದದೊಳಗೆ ಇಟ್ಟ ಹಿರಿಯರು ಯಾವ ಯಂತ್ರವನ್ನು ನೋಡಿ ಹಾಗೆ ಮಾಡಿದರೋ ಕಾಣೆ. ಸೇವೆಯ ಉದ್ದಕ್ಕೂ ನನಗೆ ಅದು ನಮ್ಮ ಉದ್ಯೋಗದ ವ್ಯಾಖ್ಯಾನವೆಂದೇ ತೋರಿತು. ಅಳತೆ ಸಾಕ್ಷ್ಯವಾಗಬೇಕಾದರೆ ನಡುವೆ ಒಬ್ಬ ಆಣೆಯಿಟ್ಟು ನಿಲ್ಲಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯೂ ಇದೆ. ಸೆರಗು ಕೊಡವಿದ ಮುದುಕಿಗೆ ಪ್ರತ್ಯಕ್ಷ ಸಾಕಾಗಿತ್ತು. ಅವಳ ಎದುರಾಳಿಗೆ ಸಾಕಾಗಿರಲಿಲ್ಲ. ಬಲವಿಲ್ಲದವರಿಗೆ ಪ್ರಮಾಣ ಹೆಚ್ಚು ಬೇಕು. ಬಲವುಳ್ಳವರು ಅದಿಲ್ಲದೆಯೂ ನಡೆಸಿಕೊಂಡು ಹೋಗುತ್ತಾರೆ.

ನಮ್ಮ ಪರೀಕ್ಷೆಯ ಪುಸ್ತಕದಲ್ಲಿ ಕೊನೆಯ ಕಲಮು ಷರಾ. ಅಲ್ಲಿ ಬರೆಯಲು ಬಹುಮಟ್ಟಿಗೆ ಏನೂ ಇರುವುದಿಲ್ಲ; 'ಸರಿಯಾಗಿದೆ' ಎಂದು ಬರೆದು, ತಾರೀಖು ಹಾಕಿ, ರುಜು ಮಾಡಿ, ಮೆಟ್ಟಿಲಿಳಿಯುವುದು. ನಾಳೆ ಬೆಳಗ್ಗೆ ನಿಮ್ಮ ಮೊಬೈಲಿನಲ್ಲಿ ಊರಿನ ಗಾಳಿಯ ಅಂಕಿ ಕಂಡಾಗ, ಮಗುವನ್ನು ಆಟಕ್ಕೆ ಕಳಿಸಲೋ ಬೇಡವೋ ಎಂದು ಯೋಚಿಸುವಾಗ, ಆ ಅಂಕಿಯ ಹಿಂದೆ ಎಲ್ಲೋ ಒಂದು ಮಾಳಿಗೆಯ ಮೇಲೆ ಯಾರೋ ಒಬ್ಬನು ಬರೆದ ಆ ಒಂದು ಮಾತು ಇರುತ್ತದೆ. ಅವನು ನಿಜವಾಗಿಯೂ ಮೆಟ್ಟಿಲು ಹತ್ತಿದ್ದನೆ ಎಂಬುದೊಂದೇ ಪ್ರಶ್ನೆ.